ರಾವೆನೈಟ್ ಕ್ಲಬ್, ಠಾಣೆ ಪೊಲೀಸರು, ಎಫ್‌ಬಿಐ: ಸಂಘಟಿತ ಅಪರಾಧ ಪಾಠಕ್ಕೆ ಒಂದು ಟಿಪ್ಪಣಿ

ನ್ಯೂಯಾರ್ಕ್ ಮಾಫಿಯಾ ಬಗ್ಗೆ ಓದುವಾಗ ‘ಸೋಶಿಯಲ್ ಕ್ಲಬ್’ ಅನ್ನೋದು ಪದೇ ಪದೇ ಬರುತ್ತದೆ. ತುಂಬಾ ಜನ ಅದನ್ನು ಜೂಜಿನ ಅಡ್ಡೆ ಅಂದುಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ಸ್ವಲ್ಪ ನಿಲ್ಲಿ. ನನ್ನ ಪ್ರಕಾರ ಇಲ್ಲಿ ಹಿಡಿಯಬೇಕಾದ ಎಳೆ ಒಂದೇ: ಠಾಣೆ ಪೊಲೀಸರಿಗೆ ಕ್ಲಬ್ ಒಂದು ತಲೆನೋವು, ಆದರೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಅದು ತೆರೆದಿರುವುದೇ ಬೇಕಾಗಿತ್ತು.

ಮೊದಲು ಜಾಗ ಗೊತ್ತಿರಲಿ. ಮಾಫಿಯಾದಲ್ಲಿ ‘ಕುಟುಂಬ’ ಅಂದರೆ ಒಂದು ಗ್ಯಾಂಗ್; ನ್ಯೂಯಾರ್ಕ್‌ನ ಅಂಥ ಗ್ಯಾಂಬಿನೋ ಕುಟುಂಬದ ಎರಡು ಕ್ಲಬ್ ಮುಖ್ಯ. ಒಂದು ಮ್ಯಾನ್‌ಹಟನ್‌ನ ಲಿಟಲ್ ಇಟಲಿಯಲ್ಲಿ, 247 ಮಲ್ಬರಿ ಸ್ಟ್ರೀಟ್‌ನಲ್ಲಿದ್ದ ರಾವೆನೈಟ್. ಇನ್ನೊಂದು ಕ್ವೀನ್ಸ್‌ನ ಓಜೋನ್ ಪಾರ್ಕ್‌ನಲ್ಲಿದ್ದ ಬರ್ಗಿನ್ ಹಂಟ್ ಅಂಡ್ ಫಿಶ್ ಕ್ಲಬ್. ಬೇಟೆ, ಮೀನು ಹಿಡಿಯೋದು ಎಲ್ಲಾ ಬೋರ್ಡಿನ ಮೇಲಷ್ಟೇ. ಒಳಗೆ ಇಸ್ಪೀಟ್ ಟೇಬಲ್, ಕಾಫಿ, ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ. ಈ ಕುಟುಂಬದ ಜಾನ್ ಗಾಟಿ ಬೆಳೆದದ್ದು ಬರ್ಗಿನ್‌ನಲ್ಲಿ. 1985ರ ಡಿಸೆಂಬರ್ 16ರಂದು ಕುಟುಂಬದ ಬಾಸ್ ಪಾಲ್ ಕ್ಯಾಸ್ಟೆಲಾನೋ ಸ್ಪಾರ್ಕ್ಸ್ ಸ್ಟೇಕ್ ಹೌಸ್ ಅನ್ನೋ ಹೋಟೆಲ್ ಮುಂದೆ ಗುಂಡಿಗೆ ಬಲಿಯಾದ ಮೇಲೆ ಗಾಟಿ ಬಾಸ್ ಆದ, ಕಚೇರಿ ರಾವೆನೈಟ್‌ಗೆ ಬಂತು.

ಈಗ ಸ್ಥಳೀಯ ಪೊಲೀಸರ ಪಾಡು. ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು ಮಾತಾಡಿದರೆ ಅಪರಾಧ ಅಲ್ಲ, ಅಲ್ವಾ? ಖಾಸಗಿ ಕ್ಲಬ್ ಒಳಗೆ ಹುಡುಕಾಡೋಕೆ ವಾರೆಂಟ್ ಬೇಕು. ಹೊಕ್ಕರೂ ಸಿಗೋದು ಜೂಜು, ಲೈಸೆನ್ಸ್ ಇಲ್ಲದ ಮದ್ಯ, ಇಂಥ ಸಣ್ಣ ಕೇಸು. ದಂಡ ಕಟ್ಟಿ ಮತ್ತೆ ಅದೇ ಕುರ್ಚಿಗೆ ಬಂದು ಕೂರಬಹುದು. ಕೈಯಲ್ಲಿದ್ದ ಒಂದೇ ಗಟ್ಟಿ ಹಗ್ಗ ಪರೋಲ್: ಪರೋಲ್ ಮೇಲೆ ಹೊರಗಿರುವವನು ಶಿಕ್ಷೆಯಾದ ಬೇರೆಯವರ ಜೊತೆ ಓಡಾಡಬಾರದು ಅನ್ನೋ ಷರತ್ತು ಇರುತ್ತದೆ, ಹಾಗಾಗಿ ಅಂಥವನಿಗೆ ಕ್ಲಬ್‌ಗೆ ಕಾಲಿಡೋದೇ ಅಪಾಯ.

ಇನ್ನೊಂದು ಕಾಯಿಲೆ ಪೊಲೀಸರ ಒಳಗೇ ಇತ್ತು. 1970ರ ದಶಕದ ಮೊದಲಲ್ಲಿ ನ್ಯಾಪ್ ಆಯೋಗ ನ್ಯೂಯಾರ್ಕ್ ಪೊಲೀಸರನ್ನು ತನಿಖೆ ಮಾಡಿದಾಗ ಜೂಜಿನ ಅಡ್ಡೆಗಳಿಂದ ಮಫ್ತಿ ಪೊಲೀಸರು ತಿಂಗಳ ಮಾಮೂಲಿ ವಸೂಲಿ ಮಾಡುತ್ತಿದ್ದದ್ದು ಬಯಲಾಯಿತು. ಗಾಟಿ ಕಾಲದಲ್ಲೂ ಗುಪ್ತಚರ ವಿಭಾಗದ ಒಬ್ಬ ಡಿಟೆಕ್ಟಿವ್ ಗ್ಯಾಂಬಿನೋದವರಿಗೆ ಮಾಹಿತಿ ಮಾರಿ ಆಮೇಲೆ ಜೈಲಿಗೆ ಹೋದ. ದಾಳಿಯ ಸುದ್ದಿ ದಾಳಿಗಿಂತ ಮುಂಚೆ ತಲುಪಿದರೆ ಹಿಡಿಯೋಕೆ ಏನು ಉಳಿಯುತ್ತದೆ?

ಸಾಕ್ಷಿಗಳ ಭಯ ಎಷ್ಟಿತ್ತು ಅಂತ ತೋರಿಸೋಕೆ 1984ರ ಘಟನೆ ಸಾಕು. ಕ್ವೀನ್ಸ್‌ನ ಮಾಸ್ಪೆತ್‌ನಲ್ಲಿ ರೆಫ್ರಿಜರೇಟರ್ ಮೆಕಾನಿಕ್ ಒಬ್ಬರು, ತನ್ನ ದಾರಿಗೆ ಅಡ್ಡ ನಿಲ್ಲಿಸಿದ್ದ ಕಾರಿಗೆ ಹಾರ್ನ್ ಹೊಡೆದರು. ಏಟು ಬಿತ್ತು, ಜೇಬಿನ ದುಡ್ಡೂ ಹೋಯಿತು. ಅವರು ಧೈರ್ಯವಾಗಿ ಪೊಲೀಸರನ್ನು ಕರೆದರು, ಪೊಲೀಸರು ಗಾಟಿಯನ್ನು ಹಿಡಿದರು. ಆಗ ಆ ಹೆಸರು ಯಾರದು ಅಂತ ಆ ಮನುಷ್ಯನಿಗೆ ಗೊತ್ತಿರಲಿಲ್ಲ. 1986ರಲ್ಲಿ ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಪೇಪರ್ ತುಂಬಾ ಗಾಟಿ. ಕಟಕಟೆಯಲ್ಲಿ ನಿಂತು, ಹೊಡೆದವರು ಯಾರು ಅಂತ ಗುರುತಿಸೋಕೆ ಆಗಲ್ಲ ಅಂದುಬಿಟ್ಟರು. ಕೇಸು ಬಿತ್ತು. ಪೊಲೀಸರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು.

ಪಟಾಕಿ ವಿಷಯವೂ ಗಮನಿಸಿ. ಪ್ರತಿ ಜುಲೈ 4ಕ್ಕೆ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ, ಬರ್ಗಿನ್ ಕ್ಲಬ್ ಬೀದಿಯಲ್ಲಿ ಹಬ್ಬ: ಪುಕ್ಕಟೆ ಊಟ, ರಾತ್ರಿ ದೊಡ್ಡ ಬಾಣಬಿರುಸು. ಪರವಾನಗಿ ಇಲ್ಲದೆ ಪಟಾಕಿ ಹಾರಿಸೋದು ಅಲ್ಲಿ ಕಾನೂನುಬಾಹಿರ. ಆದರೂ ವರ್ಷಗಟ್ಟಲೆ ನಡೆಯಿತು. ಅಡ್ಡ ಬಂದರೆ ಪೊಲೀಸರೇ ಬೀದಿ ಜನರ ಕಣ್ಣಿಗೆ ಕೆಟ್ಟವರಾಗುತ್ತಿದ್ದರು. ಗಾಟಿ ಜೈಲು ಸೇರಿದ ಮೇಲೆ, 1990ರ ದಶಕದ ನಡುವೆ, ಜೂಲಿಯಾನಿ ಮೇಯರ್ ಆಗಿದ್ದಾಗ ಬಿಗಿ ಬಂದೋಬಸ್ತ್ ಹಾಕಿ ಪಟಾಕಿ ನಿಲ್ಲಿಸಿದರು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಬೀದಿ ಯಾರದು ಅನ್ನೋ ಜಗಳವೇ ಇದು.

ಎಫ್‌ಬಿಐ ಬೇರೆ ದಾರಿ ಹಿಡಿಯಿತು. 1968ರ ಕಾನೂನಿನ ಪ್ರಕಾರ ನ್ಯಾಯಾಧೀಶರ ಆದೇಶ ಪಡೆದು ಕದ್ದು ಕೇಳಬಹುದು. ಒಂದು ಆದೇಶ ಹೆಚ್ಚೆಂದರೆ 30 ದಿನ, ಆಮೇಲೆ ಮುಂದುವರಿಸಲು ಮತ್ತೆ ಕೇಳಬೇಕು, ಕೇಸಿಗೆ ಸಂಬಂಧವಿಲ್ಲದ ಮಾತು ಕೇಳೋದನ್ನು ಆದಷ್ಟು ಕಡಿಮೆ ಮಾಡಬೇಕು. ಇದರ ಜೊತೆಗೆ ಸಂಘಟಿತ ಅಪರಾಧದ ವಿರುದ್ಧ ಬಂದ 1970ರ ರಿಕೋ ಕಾಯ್ದೆ. ಪರೀಕ್ಷೆಗೆ ಇಷ್ಟು ಸಾಕು: ಒಂದು ‘ಉದ್ಯಮ’ ಇದೆ, ಅದರ ಹೆಸರಲ್ಲಿ 10 ವರ್ಷದೊಳಗೆ ಪಟ್ಟಿಯಲ್ಲಿರುವ ಕನಿಷ್ಠ 2 ಅಪರಾಧ ನಡೆದಿವೆ, ಅವು ಬಿಡಿ ಘಟನೆಗಳಲ್ಲ, ಒಂದಕ್ಕೊಂದು ನಂಟಿದೆ ಅಂತ ತೋರಿಸಬೇಕು. ಬಿಡಿ ಬಿಡಿ ಕೇಸುಗಳಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಬಾಸ್, ಉದ್ಯಮದ ಯಜಮಾನ ಅಂತ ಸಿಕ್ಕಿಬೀಳುತ್ತಾನೆ.

ಆದರೆ ಉದ್ಯಮ ಇದೆ ಅಂತ ತೋರಿಸೋದು ಹೇಗೆ? ಇಲ್ಲಿ ಗಾಟಿಯೇ ಸಹಾಯ ಮಾಡಿದ. ತನ್ನ ಕೈಕೆಳಗಿನವರೆಲ್ಲ ರಾವೆನೈಟ್‌ಗೆ ಬಂದು ಮುಖ ತೋರಿಸಲೇಬೇಕು ಅಂತ ಕಟ್ಟಪ್ಪಣೆ ಮಾಡಿದ. ಹೊರಗಿನಿಂದ ಫೋಟೋ, ವಿಡಿಯೋ ತೆಗೆಯುತ್ತಿದ್ದ ಏಜೆಂಟರಿಗೆ ಹಾಜರಿ ಪುಸ್ತಕವೇ ಸಿಕ್ಕಂತಾಯಿತು. ಮಾತು ಮಾತ್ರ ಸಿಗುತ್ತಿರಲಿಲ್ಲ. ಗುಟ್ಟಿನ ಮಾತು ಇದ್ದರೆ ಗಾಟಿ ಹೊರಗೆ ಬಂದು ಬೀದಿ ಸುತ್ತುತ್ತಾ ಮಾತಾಡುತ್ತಿದ್ದ. ಕ್ಲಬ್ ಒಳಗಿನ ಮೈಕ್ ಗದ್ದಲದಲ್ಲಿ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಅದೇ ಕಟ್ಟಡದ ಮೇಲೆ, ಕ್ಲಬ್ ನೋಡಿಕೊಳ್ಳುತ್ತಿದ್ದವನ ವಿಧವೆಯ ಮನೆಗೆ ಗಾಟಿ ಮತ್ತು ಅವನ ಆಪ್ತರು ಹೋಗಿ ಕೂರುತ್ತಾರೆ ಅಂತ ಗೊತ್ತಾಯಿತು. 1989ರ ನವೆಂಬರ್‌ನಲ್ಲಿ ಆಕೆ ಊರಲ್ಲಿ ಇಲ್ಲದಾಗ ಎಫ್‌ಬಿಐ ಅಲ್ಲಿ ಮೈಕ್ ಇಟ್ಟಿತು. ಗಾಟಿ ಕೊಲೆಗಳ ಬಗ್ಗೆ ಆಡಿದ ಮಾತು, ತನ್ನ ನಂಬಿಕಸ್ಥ ಸ್ಯಾಮಿ ಗ್ರವಾನೋ ಬಗ್ಗೆ ಹೇಳಿದ ದೂರು, ಎಲ್ಲಾ ಟೇಪಿಗೆ ಬಂತು.

1990ರ ಡಿಸೆಂಬರ್ 11ರಂದು ಗಾಟಿ, ಗ್ರವಾನೋ, ಕುಟುಂಬದ ಇನ್ನೊಬ್ಬ ಹಿರಿಯ ಫ್ರ್ಯಾಂಕ್ ಲೊಕಾಷಿಯೋ ಮೂವರನ್ನೂ ರಾವೆನೈಟ್‌ನಲ್ಲೇ ಬಂಧಿಸಿದರು. ಟೇಪಿನಲ್ಲಿ ಗಾಟಿ ಎಲ್ಲಾ ತನ್ನ ಮೇಲೇ ಹೊರಿಸಿದ್ದನ್ನು ಕೇಳಿದ ಗ್ರವಾನೋ 1991ರಲ್ಲಿ ಸರ್ಕಾರದ ಸಾಕ್ಷಿಯಾದ. 19 ಕೊಲೆಗಳಲ್ಲಿ ಪಾಲಿದೆ ಅಂತ ಒಪ್ಪಿಕೊಂಡವನಿಗೆ 5 ವರ್ಷ ಶಿಕ್ಷೆ, ಇದು ಸರಿಯೇ ಅಂತ ಚರ್ಚೆಗೆ ಒಳ್ಳೆ ಪ್ರಶ್ನೆ. ಹಿಂದೆ 1987ರ ಕೇಸಿನಲ್ಲಿ ಜ್ಯೂರಿಯ (ತೀರ್ಪು ಕೊಡುವ ನಾಗರಿಕರ ಮಂಡಳಿ) ಒಬ್ಬರನ್ನು ಕೊಂಡುಕೊಂಡಿದ್ದರಿಂದ ಈ ಸಲ ಜ್ಯೂರಿಯವರ ಹೆಸರು ಗುಟ್ಟಾಗಿಟ್ಟದ್ದಷ್ಟೇ ಅಲ್ಲ, ವಿಚಾರಣೆ ಮುಗಿಯುವವರೆಗೂ ಅವರನ್ನು ಹೊರಗಿನವರಿಂದ ದೂರವೇ ಇಟ್ಟರು. 1992ರ ಏಪ್ರಿಲ್ 2ಕ್ಕೆ ಗಾಟಿ ತಪ್ಪಿತಸ್ಥ ಅಂತ ತೀರ್ಪು, ಜೂನ್ 23ಕ್ಕೆ ಪರೋಲ್ ಇಲ್ಲದ ಜೀವಾವಧಿ. ಆ ದಿನ ಬ್ರೂಕ್ಲಿನ್ ಕೋರ್ಟ್ ಹೊರಗೆ ಬೆಂಬಲಿಗರು ಪೊಲೀಸರ ಮೇಲೆ ಬಿದ್ದು ಕಾರುಗಳನ್ನು ಮಗುಚಿದರು. 1990ರ ದಶಕದ ಕೊನೆಗೆ ಸರ್ಕಾರ ರಾವೆನೈಟ್ ಕಟ್ಟಡವನ್ನೇ ವಶಪಡಿಸಿಕೊಂಡಿತು.

ಹೋಲಿಕೆಗೆ ನ್ಯೂಯಾರ್ಕ್‌ನ ಇನ್ನೊಂದು ಮಾಫಿಯಾ ಕುಟುಂಬ ಜೆನೊವೀಸ್‌ನ ಬಾಸ್ ವಿನ್ಸೆಂಟ್ ಜಿಗಾಂಟೆಯನ್ನು ಓದಿ. ಅವನ ಕ್ಲಬ್ ಸಲಿವನ್ ಸ್ಟ್ರೀಟ್‌ನ ಟ್ರಯಾಂಗಲ್. ತನ್ನ ಹೆಸರು ಯಾರೂ ಬಾಯಿಗೆ ತರಬಾರದು, ಬದಲಿಗೆ ಗದ್ದ ಮುಟ್ಟಿ ತೋರಿಸಬೇಕು ಅಂತ ನಿಯಮ ಮಾಡಿದ್ದ, ತಾನು ಹುಚ್ಚನಂತೆ ಬಾತ್‌ರೋಬ್ ಹಾಕಿಕೊಂಡು ಬೀದಿಯಲ್ಲಿ ಓಡಾಡುತ್ತಿದ್ದ. ಅವನಿಗೂ 1997ರಲ್ಲಿ ಶಿಕ್ಷೆಯಾಯಿತು, 2003ರಲ್ಲಿ ಅದು ನಾಟಕ ಅಂತ ಒಪ್ಪಿಕೊಂಡ. ಆದರೂ ಗಾಟಿಗಿಂತ ಜಾಸ್ತಿ ವರ್ಷ ಹೊರಗೇ ಇದ್ದು ಕುಟುಂಬ ನಡೆಸಿದ.