ಥಾರ್ ಮರುಭೂಮಿಯಲ್ಲಿ ದೂರದ ಸೈಕಲ್ ಸವಾರಿ: ಕಿಲೋಮೀಟರ್ ಬಿಟ್ಟು ಗಂಟೆ ಲೆಕ್ಕ ಹಾಕುವುದು

ರಾಯದುರ್ಗ, ಕಣೇಕಲ್ಲು, ಬೊಮ್ಮನಹಾಳು ಸೀಮೆಯಲ್ಲಿ ಸೈಕಲ್ ತುಳಿಯುವವರಿಗೆ ಮರಳು ಹೊಸದೇನಲ್ಲ. ಹಗರಿ ನದಿಯ ಪಾತ್ರದಿಂದ ಗಾಳಿಗೆ ಎದ್ದ ಮರಳು ಹೊಲಗಳ ಮೇಲೆ ದಿಬ್ಬವಾಗಿ ಕೂತಿರುವುದು ಇಲ್ಲಿಯ ಎಲ್ಲರಿಗೂ ಗೊತ್ತು. ಇದೇ ನೆಲದಲ್ಲಿ ಅಭ್ಯಾಸ ಮಾಡಿ, ಥಾರ್‌ನಲ್ಲಿ ಬಿಕಾನೇರ್‌ನಿಂದ ಜೈಸಲ್ಮೇರ್‌ವರೆಗೆ ತುಳಿಯಲು ತಯಾರಾಗುವವರಿಗಾಗಿ ಈ ಟಿಪ್ಪಣಿ.

ದಾರಿ ಮತ್ತು ಕಾಲ

ರಾಷ್ಟ್ರೀಯ ಹೆದ್ದಾರಿ 11, ಒಟ್ಟು ಸುಮಾರು 330 ಕಿ.ಮೀ. ಬಿಕಾನೇರ್‌ನಿಂದ ಫಲೋದಿಗೆ 165, ಅಲ್ಲಿಂದ ಪೋಕರಣ್‌ಗೆ 55, ಕೊನೆಗೆ ಜೈಸಲ್ಮೇರ್‌ಗೆ 110. ಕೋಲಾಯತ್ ದಾಟಿದ ಮೇಲೆ ಬಾಪ್ ತನಕ ಊರುಗಳು ವಿರಳ. ಏರು ಹೆಚ್ಚಿಲ್ಲ ಎಂದು ಖುಷಿಪಡಬೇಡಿ. ಏರಿಲ್ಲದ ಕಡೆ ಇಳಿಜಾರೂ ಇಲ್ಲ. ಕಾಲಿಗೆ ಬಿಡುವು ಸಿಗುವುದಿಲ್ಲ, ಸೀಟಿನ ಮೇಲಿನ ಭಾರವೂ ಬದಲಾಗುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಿಂತು ಅರ್ಧ ನಿಮಿಷ ತುಳಿಯುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಿ.

ಇದೇ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಹಾಗಾಗಿ ನವೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದೊಳಗೆ ಹೋಗಬೇಕು. ಚಳಿಗಾಲದಲ್ಲಿ ಅಲ್ಲಿ ಗಾಳಿ ಸಾಮಾನ್ಯವಾಗಿ ಉತ್ತರ, ಈಶಾನ್ಯದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಬಿಕಾನೇರ್‌ನಿಂದ ನೈಋತ್ಯಕ್ಕೆ ಹೊರಟರೆ ಅದು ಬೆನ್ನಿಗೆ ಸಿಗುತ್ತದೆ. ಜೈಸಲ್ಮೇರ್‌ನಿಂದ ಹೊರಟವರಿಗೆ ಅದೇ ಗಾಳಿ ಎದೆಗೆ ಬಡಿಯುತ್ತದೆ.

ನಮ್ಮ ಕಡೆಯವರು ಎಡವುವುದು ಸೂರ್ಯೋದಯದ ವಿಷಯದಲ್ಲಿ. ಡಿಸೆಂಬರ್ ಕೊನೆಗೆ ರಾಯದುರ್ಗದಲ್ಲಿ ಆರೂವರೆ ದಾಟುತ್ತಲೇ ಬಿಸಿಲು ಬಂದರೆ, ಬಿಕಾನೇರ್‌ನಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲು ದಾಟಿದ ಮೇಲೆ. ಐದಕ್ಕೇ ಹೊರಟರೆ ಎರಡು ಗಂಟೆಗೂ ಹೆಚ್ಚು ಹೊತ್ತು ಕತ್ತಲಲ್ಲಿ, ಚಳಿಯಲ್ಲಿ, ರಸ್ತೆಗೆ ಬರುವ ದನ ಮತ್ತು ಒಂಟೆಗಳ ನಡುವೆ ತುಳಿಯಬೇಕಾಗುತ್ತದೆ. ಕೈಗವಸು, ಗಾಳಿ ತಡೆಯುವ ಜಾಕೆಟ್, ಮುಂದೆ ಹಿಂದೆ ಎರಡೂ ದೀಪ ಇಟ್ಟುಕೊಂಡು ಏಳಕ್ಕೆ ಹೊರಡುವುದೇ ಮೇಲು.

ಗಾಳಿ ನೀರನ್ನು ಹೇಗೆ ನುಂಗುತ್ತದೆ

ಯೋಜನೆಯಲ್ಲಿ ಅತಿ ಮುಖ್ಯವಾದ ಲೆಕ್ಕ ಇದು. ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ 85 ಕೆ.ಜಿ. ಎಂದುಕೊಳ್ಳಿ. ಗಾಳಿ ಇಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಹೋಗಲು ಸುಮಾರು 95 ವಾಟ್ ಸಾಕು. ಗಂಟೆಗೆ 15 ಕಿ.ಮೀ. ವೇಗದ ಎದುರುಗಾಳಿ ಬಂದರೆ ಅದೇ 95 ವಾಟ್‌ಗೆ ವೇಗ 17ಕ್ಕೆ ಇಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಇದಕ್ಕೆ ಕಾರಣ.

ಈಗ ಪೋಕರಣ್–ಜೈಸಲ್ಮೇರ್ ನಡುವಿನ 110 ಕಿ.ಮೀ. ನೋಡಿ. 25ರ ವೇಗದಲ್ಲಿ ನಾಲ್ಕೂವರೆ ಗಂಟೆಯೊಳಗೆ ಮುಗಿಯುವ ದಾರಿ, 17ರಲ್ಲಿ ಆರೂವರೆ ಗಂಟೆ ಹಿಡಿಯುತ್ತದೆ. ಗಂಟೆಗೆ 700 ಮಿ.ಲೀ. ಕುಡಿಯುವವರಿಗೆ ಮೊದಲನೆಯದಕ್ಕೆ 3.1 ಲೀಟರ್, ಎರಡನೆಯದಕ್ಕೆ 4.5 ಲೀಟರ್ ಬೇಕು. ದೂರ ಒಂದೇ, ನೀರು ಒಂದೂವರೆ ಪಟ್ಟು! ಆದ್ದರಿಂದ ನಕ್ಷೆಯಲ್ಲಿ ಎರಡು ನೀರಿನ ಜಾಗಗಳ ನಡುವೆ ಕಿ.ಮೀ. ಬರೆಯದೆ, ಎದುರುಗಾಳಿ ಇದ್ದರೆ ಹಿಡಿಯುವ ಗಂಟೆಗಳನ್ನು ಬರೆಯಿರಿ. ನೀರು ತುಂಬಿಕೊಳ್ಳುವುದು ಆ ಗಂಟೆಗಳ ಲೆಕ್ಕಕ್ಕೆ.

ನಿಮ್ಮ ಬೆವರಿನ ಪ್ರಮಾಣ ತಿಳಿಯಲು ತಕ್ಕಡಿ ಸಾಕು. ಬಟ್ಟೆ ಬಿಚ್ಚಿ ತೂಗಿಕೊಳ್ಳಿ, ಮಧ್ಯಾಹ್ನ ಒಂದು ಗಂಟೆ ತುಳಿಯಿರಿ, ಮೈ ಒರೆಸಿಕೊಂಡು ಮತ್ತೆ ತೂಗಿ. 68.4 ಕೆ.ಜಿ. ಇದ್ದದ್ದು 68.0 ಆಗಿದೆ, ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ ಎಂದಾದರೆ ಬೆವರು 0.9 ಲೀಟರ್. ಅದರ ಮುಕ್ಕಾಲು ಭಾಗ ಕುಡಿಯುವ ಗುರಿ ಇಟ್ಟುಕೊಳ್ಳಿ. ಒಣಹವೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗಲೇ ಎಷ್ಟು ಹೋಯಿತೆಂದು ತಿಳಿಯುವುದು.

ಬರೀ ನೀರು ಸಾಲದು. ಒಂದು ಲೀಟರ್‌ಗೆ ಕಲಸುವ ಓಆರ್‌ಎಸ್ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. ಒಂದು ಬಾಟಲಿ ಓಆರ್‌ಎಸ್, ಒಂದು ಬಾಟಲಿ ಸಾದಾ ನೀರು ಎಂದು ಬದಲಿಸುತ್ತ ಹೋಗಿ. ಸಾದಾ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಬೆರಳು ಊದುವುದು ಶುರುವಾಗುತ್ತದೆ. ಇದನ್ನು ನಿರ್ಜಲೀಕರಣ ಎಂದು ತಪ್ಪು ತಿಳಿದು ಇನ್ನಷ್ಟು ನೀರು ಕುಡಿಸುವುದು ಅಪಾಯ.

ಥಾರ್‌ನಲ್ಲಿ ಅನೇಕ ಕಡೆ ಅಂತರ್ಜಲ ಉಪ್ಪು. ಬೋರ್‌ವೆಲ್ ನೀರನ್ನು ತಲೆಗೆ ಸುರಿದುಕೊಳ್ಳಿ, ಕುಡಿಯಲು ಬಾಟಲಿ ನೀರು ಕೊಳ್ಳಿ. ಬಾಟಲಿಗೆ ಒದ್ದೆ ಕಾಲುಚೀಲ ತೊಡಿಸಿದರೆ ಮಡಕೆಯ ಹಾಗೆ ಆವಿ ಆರಿ ನೀರು ತಂಪಾಗಿ ಉಳಿಯುತ್ತದೆ.

ಊಟದ ಬಗ್ಗೆ ಎರಡೇ ಮಾತು: ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ನಮ್ಮ ಶೇಂಗಾ ಚಿಕ್ಕಿ ಒಳ್ಳೆಯದೇ, ಆದರೆ ಕೊಬ್ಬು ಹೆಚ್ಚಿರುವುದರಿಂದ ನಿಧಾನಕ್ಕೆ ಕರಗುತ್ತದೆ. ತುಳಿಯುತ್ತ ತಿನ್ನದೆ, ನಿಂತಾಗ ತಿನ್ನಿ.

ಜಾಲಿಮುಳ್ಳು

ಇಲ್ಲಿಯ ಬಳ್ಳಾರಿ ಜಾಲಿ ಅಲ್ಲೂ ಇದೆ. ಹೆಸರು ಮಾತ್ರ ವಿಲಾಯತಿ ಬಬೂಲ್. ನೆಗ್ಗಿಲುಮುಳ್ಳೂ ಇದೆ. ಆದ್ದರಿಂದ 28ರಿಂದ 32 ಮಿ.ಮೀ. ಅಗಲದ, ಒಳಗೆ ರಕ್ಷಣಾ ಪಟ್ಟಿ ಇರುವ ಟೈರ್ ಹಾಕಿ. ರಸ್ತೆ ಬಿಟ್ಟು ಇಳಿದಾಗ ಸೈಕಲ್ ಅನ್ನು ಹೊತ್ತುಕೊಂಡೇ ನಡೆಯಿರಿ.

ಪಂಕ್ಚರ್ ಆದಾಗ ಟ್ಯೂಬ್ ಬದಲಿಸಿ ಹೊರಟು, ಹತ್ತೇ ನಿಮಿಷದಲ್ಲಿ ಮತ್ತೆ ಗಾಳಿ ಇಳಿಯುವುದು ಸಾಮಾನ್ಯ. ಜಾಲಿಮುಳ್ಳು ಟೈರ್‌ನ ಮೇಲ್ಮೈಗೆ ಸಮವಾಗಿ ಮುರಿದು, ತುದಿ ಒಳಗೇ ಉಳಿದಿರುತ್ತದೆ. ಟೈರ್‌ನ ಲೇಬಲ್ ಅನ್ನು ಯಾವಾಗಲೂ ವಾಲ್ವ್ ಎದುರಿಗೆ ಬರುವಂತೆ ಕೂರಿಸಿರಿ. ಆಗ ಟ್ಯೂಬ್‌ನ ತೂತನ್ನು ಟೈರ್‌ಗೆ ಹೊಂದಿಸಿ ನೋಡಿ ಜಾಗ ಹಿಡಿಯಬಹುದು. ಬೆರಳಾಡಿಸಿ ಹುಡುಕುವ ಬದಲು ಹಳೆಯ ಹತ್ತಿಬಟ್ಟೆಯನ್ನು ಒಳಮೈಯಲ್ಲಿ ಸುತ್ತ ಎಳೆಯಿರಿ. ಮುಳ್ಳಿದ್ದಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಒಳಗಿನಿಂದ ತಳ್ಳಿ, ಹೊರಗಿನಿಂದ ಚಿಮಟದಲ್ಲಿ ಕೀಳಿ. ಪ್ಯಾಚ್ ಹಾಕುವಾಗ ಸಲ್ಯೂಷನ್ ಪೂರ್ತಿ ಒಣಗುವವರೆಗೆ, ಸುಮಾರು ಐದು ನಿಮಿಷ, ಕಾಯಲೇಬೇಕು. ಹಸಿ ಇರುವಾಗಲೇ ಅಂಟಿಸಿದ ಪ್ಯಾಚ್ ಬಿಸಿಲಿಗೆ ಎದ್ದುಬರುತ್ತದೆ.

ಹತ್ತು ಡಿಗ್ರಿ ಚಳಿಯಲ್ಲಿ 75 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿದ ಟೈರ್, 40 ಡಿಗ್ರಿಗೆ ಕಾದಾಗ 84 ದಾಟುತ್ತದೆ. ರಿಮ್ ಮತ್ತು ಟೈರ್ ಮೇಲೆ ಬರೆದ ಗರಿಷ್ಠ ಮಿತಿಗಿಂತ ಹತ್ತು ಕಡಿಮೆಯೇ ಇರಲಿ. ಚೈನ್‌ಗೆ ಜಿಗುಟು ಎಣ್ಣೆ ಬೇಡ. ಮರಳು ಅಂಟಿ ಅರದ ಹಾಗೆ ಹಲ್ಲು ತಿನ್ನುತ್ತದೆ. ಮೇಣ ಅಥವಾ ಡ್ರೈ ಲ್ಯೂಬ್ ಹಾಕಿ.

ಜೊತೆಗೆ ಇರಬೇಕಾದದ್ದು: ಮೂರು ಟ್ಯೂಬ್, ಎಂಟು ಪ್ಯಾಚ್, ಟೈರ್ ಹರಿದರೆ ಒಳಗಿಡಲು ಹಳೆಯ ಟೈರ್‌ನ ಬೆರಳುದ್ದದ ತುಂಡು, ಕೈಪಂಪ್, ಚೈನ್ ಕಟರ್ ಇರುವ ಮಲ್ಟಿಟೂಲ್, ತುಂಡಾದ ಚೈನ್ ಜೋಡಿಸುವ ಒಂದು ಕ್ವಿಕ್ ಲಿಂಕ್, ನಿಮ್ಮ ಚಕ್ರದ ಅಳತೆಯ ಎರಡು ಸ್ಪೋಕ್. ಸಣ್ಣ ಹಿತ್ತಾಳೆ ಅಡಾಪ್ಟರ್ ಒಂದನ್ನು ಮರೆಯಬೇಡಿ. ಹೆದ್ದಾರಿಯ ಲಾರಿ ಪಂಕ್ಚರ್ ಅಂಗಡಿಯ ಗಾಳಿ ಪೈಪು ತೆಳ್ಳಗಿನ ಪ್ರೆಸ್ಟಾ ವಾಲ್ವ್‌ಗೆ ಕೂರುವುದಿಲ್ಲ. ಗೇರ್ ಬದಲಿಸುವ ಡಿರೈಲರ್ ಅನ್ನು ಫ್ರೇಮ್‌ಗೆ ಕೂರಿಸುವ ಹ್ಯಾಂಗರ್ ಪ್ರತಿ ಫ್ರೇಮ್‌ಗೂ ಬೇರೆ, ದಾರಿಯ ಅಂಗಡಿಗಳಲ್ಲಿ ಸಿಗುವುದು ಕಷ್ಟ. ರೈಲಿಗೆ ಹಾಕುವಾಗ ಡಿರೈಲರ್ ಬಿಚ್ಚಿ ಬಟ್ಟೆ ಸುತ್ತಿ ಚಕ್ರದ ಒಳಬದಿಗೆ ಕಟ್ಟಿ, ಬಿಡಿ ಹ್ಯಾಂಗರ್ ಒಂದನ್ನು ಸೀಟ್ ಬ್ಯಾಗ್‌ನಲ್ಲಿ ಇಡಿ. ಬಿಕಾನೇರ್‌ನಲ್ಲಿ ಜೋಡಿಸಿದ ಮೇಲೆ ಹೆದ್ದಾರಿಗೆ ಇಳಿಯುವ ಮೊದಲು, ಊರೊಳಗೇ ಐದು ಕಿ.ಮೀ. ತುಳಿದು ಎಲ್ಲ ಗೇರೂ ಬೀಳುತ್ತವೆಯೇ ಎಂದು ನೋಡಿ.