ಆತ್ಮಹತ್ಯೆ ಅಂದ್ರೆ ರೈತರೇ ಜಾಸ್ತಿ ಅಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರ್ದಿದೀನೋ ಲೆಕ್ಕ ಇಲ್ಲ, ಆದ್ರೂ ಇನ್ನೊಂದ್ಸಲ ಬರೀತೀನಿ. ಅಲ್ಲ, ರೈತರು ಜಾಸ್ತಿ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಕೊಟ್ಟ 2022ರ ಲೆಕ್ಕ ತಗೊಳ್ಳಿ, ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡ್ಕೊಂಡ್ರು, ಅದ್ರಲ್ಲಿ ಕೃಷಿ ನಂಬಿದವರು 11,290, ಅಂದ್ರೆ ನೂರಕ್ಕೆ ಏಳೂ ಇಲ್ಲ, ಅದ್ರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಕೃಷಿ ಕೂಲಿಗಳು. ನಮ್ಮ ರಾಜ್ಯದಲ್ಲಿ ಪಾಲು ಜಾಸ್ತಿನೇ, 13,606ರಲ್ಲಿ 2,392, ಆದ್ರೂ ಆರಕ್ಕೆ ಒಂದು ಅಷ್ಟೇ. ಉಳಿದ ಐದು ಮನೆ ಯಾರವು ಅಂತ ಯಾಕೆ ಯಾರೂ ಕೇಳಲ್ಲ?

ದಿನಗೂಲಿಯವರು. ಗಾರೆ ಕೆಲಸ, ಹಮಾಲಿ, ಪೇಂಟಿಂಗ್ ಮಾಡೋರು. ದೇಶದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಇವ್ರೇ. ಆಮೇಲೆ ಗೃಹಿಣಿಯರು, 25,309, ಅಂದ್ರೆ ಸತ್ತ ಹೆಣ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು. ಒಟ್ಟಾರೆ ನೂರರಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಗಂಡಸರೇ ಇರೋದ್ರಿಂದ ಈ ಗೃಹಿಣಿಯರ ಕಡೆ ಯಾರ ಗಮನನೂ ಹೋಗಲ್ಲ.

ಹಾಗಂತ ರೈತರ ಕಷ್ಟ ಸುಳ್ಳು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ಅಲ್ಲಿ ಲೆಕ್ಕನೇ ತಪ್ಪಿಹೋಗೋ ಜಾಗ ಇದೆ. ಹೆಂಗಸು ನಾಟಿ ಮಾಡ್ತಾಳೆ, ಕಳೆ ಕೀಳ್ತಾಳೆ, ಸಂಘದ ಸಾಲಕ್ಕೂ ಅವಳೇ ಸೈನ್ ಹಾಕ್ತಾಳೆ, ಆದ್ರೆ ಪಹಣಿ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತೆ, ಅವಳು ಸತ್ರೆ ದಾಖಲೆಯಲ್ಲಿ 'ಗೃಹಿಣಿ' ಅಂತ ಬರೀತಾರೆ. ಬೇರೆಯವರ ಜಮೀನು ಗುತ್ತಿಗೆಗೆ ಮಾಡೋನ ಕಥೆನೂ ಇದೇ, ಅವನ ಹೆಸರಲ್ಲಿ ಪಹಣಿ ಇಲ್ಲ ಅಂತ ಪರಿಹಾರಕ್ಕೆ ಮನೆಯವರು ಆಫೀಸಿಂದ ಆಫೀಸಿಗೆ ಅಲೀಬೇಕು. ಇನ್ನು ಕಾರಣ ಅಂತ ಒಂದೇ ಒಂದು ಪದ ಬರೀತಾರಲ್ಲ, 'ಸಾಲ', 'ಫೇಲ್', 'ಕೌಟುಂಬಿಕ', ಅಲ್ಲೂ ಇದೇ ತೊಂದ್ರೆ. ಯಾರೂ ಒಂದೇ ಕಾರಣಕ್ಕೆ ಅಲ್ಲಿಗೆ ಬಂದು ನಿಲ್ಲಲ್ಲ. ಸಾಲದ ಜೊತೆ ಕುಡಿತ ಇರುತ್ತೆ, ಕಾಯಿಲೆ ಇರುತ್ತೆ, ಚಿಕಿತ್ಸೆ ಸಿಗದ ಡಿಪ್ರೆಶನ್ ಇರುತ್ತೆ.

ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೀನಿ. "ಸಾಯೋ ಯೋಚ್ನೆ ಬರುತ್ತಾ ಅಂತ ನಾವೇ ಕೇಳಿದ್ರೆ ಇಲ್ಲದ್ದನ್ನ ತಲೆಗೆ ತುಂಬಿದಂಗೆ ಆಗಲ್ವಾ" ಅಂತ ತುಂಬಾ ಜನ ಹೆದರ್ತಾರೆ. ಆಗಲ್ಲ. ಕೇಳೋದ್ರಿಂದ ಯೋಚನೆ ಹುಟ್ಟಲ್ಲ, ಸಂಶೋಧನೆಗಳು ಇದನ್ನ ಮತ್ತೆ ಮತ್ತೆ ತೋರಿಸಿವೆ. ನಮ್ಮ ಬೀದಿಯ ಒಬ್ರು ಅಕ್ಕ ಆರು ತಿಂಗಳಿಂದ ತಲೆನೋವು ಅಂತ ಮಾತ್ರೆ ನುಂಗ್ತಿದ್ರು, ಒಂದಿನ ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದಾಗ ನೇರವಾಗೇ ಕೇಳ್ದೆ, "ಅಕ್ಕಾ, ಬದುಕೋದೇ ಬೇಡ ಅನ್ಸುತ್ತಾ?" ಕೈಲಿದ್ದ ಕಾಯಿ ಹಂಗೇ ನಿಂತೋಯ್ತು. ಆಮೇಲೆ ಅತ್ರು, ತುಂಬಾ ಹೊತ್ತು. "ಇದನ್ನ ಯಾರೂ ಕೇಳಿರ್ಲಿಲ್ಲ ಕಣೇ" ಅಂದ್ರು. ಅಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದ್ವಿ. ಅದು ಫ್ರೀ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಅವ್ರ ಕೈಗೆ ಕೊಟ್ಟು, ನಾನು ಉಳಿದ ಕಾಯಿ ಸುಲೀತಾ ಪಕ್ಕದಲ್ಲೇ ಕೂತಿದ್ದೆ.