ಸಮೀಕರಣಕ್ಕಿಂತ ಮುಂದೆ ಓಡಿದ ನೆಲಗಪ್ಪೆ

ಲಾಭ ತರುವ ಜೀನ್ ಒಂದು ಕಡೆ ಹುಟ್ಟಿತು ಅಂದುಕೊಳ್ಳಿ. ಅದು ನಾಡೆಲ್ಲ ಹರಡಲು ಎಷ್ಟು ಕಾಲ ಬೇಕು? 1937ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದಕ್ಕೆ ಸಮೀಕರಣ ಬರೆದರು. ಅದೇ ವರ್ಷ ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ ಮತ್ತು ಇಬ್ಬರು ಸಂಗಡಿಗರೂ ಅಂಥದ್ದನ್ನೇ ಬಿಡಿಸಿದರು. ಉತ್ತರ ಚೊಕ್ಕವಾಗಿತ್ತು: ಜೀನ್ ಅಲೆಯಂತೆ ಸಾಗುತ್ತದೆ, ಅಲೆಯ ವೇಗ ಬದಲಾಗುವುದಿಲ್ಲ. ಜೀನಿನಿಂದ ಎಷ್ಟು ಲಾಭ, ಜೀವಿ ಎಷ್ಟು ದೂರ ಅಲೆಯುತ್ತದೆ, ಈ ಎರಡು ಗೊತ್ತಾದರೆ ಸಾಕು.

ಮುಂದೆ ರೈಟ್, ಮಲೆಕೊ, ಕಿಮುರಾ ಎಂಬ ವಿಜ್ಞಾನಿಗಳು ಜೀನ್ ಹರಡುವುದಕ್ಕೆ ಬೇರೆ ಬೇರೆ ಗಣಿತ ಮಾದರಿ ಕಟ್ಟಿದರು. 1975ರಲ್ಲಿ ಅಮೆರಿಕದ ಜೀವಶಾಸ್ತ್ರಜ್ಞ ಫೆಲ್ಸೆನ್‌ಸ್ಟೀನ್ ಒಂದು ತೊಡಕು ತೋರಿಸಿದರು: ಜೀವಿಗಳು ಎಲ್ಲೆಡೆ ಒಂದೇ ಸಮ ಹರಡಿವೆ ಎಂದು ಶುರು ಮಾಡಿದರೂ ಲೆಕ್ಕದೊಳಗೆ ಅವು ಗುಂಪುಗೂಡಿಬಿಡುತ್ತವೆ. ಆದರೆ ಎಲ್ಲ ಜೀವಿಗಳ ಅಲೆದಾಟವೂ ಒಂದೇ ಎಂಬ ಊಹೆ ಬಹುಮಟ್ಟಿಗೆ ಹಾಗೇ ಉಳಿಯಿತು. ಅದು ನಿಜವೆಂದಲ್ಲ, ಲೆಕ್ಕಕ್ಕೆ ಸಲೀಸು ಅಂತ.

ಆಸ್ಟ್ರೇಲಿಯಾದ ನೆಲಗಪ್ಪೆಗಳಿಗೆ ಈ ಸಲೀಸು ಹಿಡಿಸಲಿಲ್ಲ. ಕಬ್ಬಿನ ಹುಳು ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ಸುಮಾರು ನೂರು ಕೇನ್ ಟೋಡ್‌ಗಳನ್ನು ಕ್ವೀನ್ಸ್‌ಲ್ಯಾಂಡಿಗೆ ತಂದರು. ಹುಳುವಿನ ಕಾಟ ತಪ್ಪಲಿಲ್ಲ, ಕಪ್ಪೆ ಮಾತ್ರ ಹರಡಿತು. ಮೊದಲು ವರ್ಷಕ್ಕೆ ಸುಮಾರು 10 ಕಿ.ಮೀ. ಸಾಗುತ್ತಿದ್ದ ಮುಂಚೂಣಿ, ಹೊಸ ಶತಮಾನದ ಹೊತ್ತಿಗೆ 50 ಕಿ.ಮೀ. ದಾಟಿತ್ತು. 2006ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಡಾರ್ವಿನ್ ಊರಿನ ಬಳಿ ಅಳೆದು ನೋಡಿದಾಗ, ಮೊದಲು ಬಂದು ತಲುಪಿದವಕ್ಕೆ ಆಮೇಲೆ ಬಂದವಕ್ಕಿಂತ ಕಾಲು ಉದ್ದ ಇತ್ತು.

ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರಲ್ಲಿ ಚುರುಕಾಗಿ ನಡೆಯುವವರೇ ಮುಂದಿನ ತಂಗುದಾಣದಲ್ಲಿ ಮೊದಲು ಒಟ್ಟಾಗುತ್ತಾರೆ, ಅಲ್ವಾ? ಕಪ್ಪೆಗಳದೂ ಅದೇ ಕತೆ. ನಿಧಾನದವು ಅಲ್ಲಿಗೆ ಬಂದೇ ಇರುವುದಿಲ್ಲ, ಹಾಗಾಗಿ ಓಟಗಾರರು ಓಟಗಾರರೊಂದಿಗೇ ಕೂಡುತ್ತವೆ. ಮರಿಗಳಲ್ಲಿ ಕೆಲವು ಇನ್ನೂ ಜೋರು. ಓಡುವುದರಿಂದ ಬೇರೇನೂ ಲಾಭ ಇಲ್ಲದಿದ್ದರೂ ಇದು ನಡೆಯುತ್ತದೆ. ಹಾಗಾಗಿ ಇದನ್ನು ನಿಸರ್ಗದ ಆಯ್ಕೆ ಅನ್ನಬೇಕೋ ಬೇಡವೋ ಎಂಬ ಜಗಳ ಇದೆ.

ಗಣಿತಜ್ಞರು ಆಮೇಲೆ ಅಲೆದಾಟವನ್ನೇ ಬದಲಾಗುವ ಗುಣವಾಗಿ ಸಮೀಕರಣಕ್ಕೆ ಸೇರಿಸಿದರು. ಹಳೆಯ ಲೆಕ್ಕದಲ್ಲಿ ಕಾಲ ನಾಲ್ಕು ಪಟ್ಟಾದರೆ ದೂರವೂ ನಾಲ್ಕು ಪಟ್ಟು. ಹೊಸದರಲ್ಲಿ ಎಂಟು ಪಟ್ಟು! ಆದರೆ ಇದು ಅಲೆದಾಟಕ್ಕೆ ಮಿತಿಯೇ ಇಲ್ಲ ಎಂದುಕೊಂಡಾಗ ಮಾತ್ರ. ಮಿತಿ ಹಾಕಿದರೆ ವೇಗ ಮತ್ತೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಿತಿ ಎಲ್ಲಿದೆ ಎಂಬುದು ಕಾಗದದ ಮೇಲೆ ಸಿಗುವಂಥದ್ದಲ್ಲ. ಮುಂಚೂಣಿಯ ದೊಡ್ಡ ಕಪ್ಪೆಗಳಲ್ಲಿ ಕೆಲವಕ್ಕೆ ಈಗಾಗಲೇ ಬೆನ್ನುಮೂಳೆಯ ಸಂಧಿವಾತ ಕಾಣಿಸಿಕೊಂಡಿದೆ.